ಮುಂದಿನ ಗಾಡಿಗೂ ನಿಮಗೂ ಎಷ್ಟು ವ್ಯತ್ಯಾಸ? ಹೈವೇಯಲ್ಲಿ ಸ್ಪೀಡು ಹೊಂದಿಸುವುದು ಹೀಗೆ

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಬಿಡುತ್ತಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಬೈಕಿನವರಿಗೆ ಬೇಜಾರಾಯಿತು, ನಿಜ. ಆದರೆ ಲೆಕ್ಕ ಸರಳ. 100ರಲ್ಲಿ ಹೋಗುವ ಕಾರಿನ ಮುಂದೆ 30ರಲ್ಲಿ ಹೋಗುವ ಟ್ರ್ಯಾಕ್ಟರ್ ಇದ್ದರೆ, ನಡುವಿನ 100 ಮೀಟರ್ ಜಾಗ 5 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಸ್ಪೀಡೋಮೀಟರ್ ನೋಡಿಕೊಂಡು ಓಡಿಸುವುದು ನಮಗೆಲ್ಲ ಗೊತ್ತು. ಎರಡು ಗಾಡಿಗಳ ಸ್ಪೀಡಿನ ಈ ವ್ಯತ್ಯಾಸ ನೋಡಿಕೊಂಡು ಓಡಿಸುವುದನ್ನು ನನಗಂತೂ ಯಾರೂ ಹೇಳಿಕೊಡಲಿಲ್ಲ.

ಮೊದಲು, ಮುಖ್ಯ ರಸ್ತೆಗೆ ಸೇರುವುದು. ಸರ್ವಿಸ್ ರಸ್ತೆಯಿಂದ ಮೇಲೆ ಬರುವ ಜಾಗದಲ್ಲೇ ಸ್ಪೀಡು ಏರಿಸಿಕೊಳ್ಳಿ. ಇಂಡಿಕೇಟರ್ ಬೇಗ ಹಾಕಿ. ಕನ್ನಡಿ ನೋಡಿ, ಬಲಕ್ಕೆ ಒಮ್ಮೆ ಕತ್ತು ತಿರುಗಿಸಿ ನೋಡಿ. ಎಡ ಲೇನಿನ ಲಾರಿಗಳು 70–80ರಲ್ಲಿದ್ದರೆ ನೀವೂ ಅಷ್ಟರ ಹತ್ತಿರಕ್ಕೆ ಬಂದಿರಬೇಕು. ಜಾಗ ಸಿಗುವ ಹಾಗೆ ಕಾಣದಿದ್ದರೆ ಮೊದಲೇ ನಿಧಾನ ಮಾಡಿ, ತುದಿಗೆ ಹೋಗಿ ಬ್ರೇಕ್ ಒತ್ತಬೇಡಿ. ನಾನು ಮೊದಲ ಸಲ 40ರಲ್ಲೇ ನುಸುಳಿದ್ದೆ. ಹಿಂದಿನಿಂದ ಬಸ್ಸಿನ ಉದ್ದ ಹಾರ್ನು, ಕನ್ನಡಿ ತುಂಬ ಅದರ ಮುಖ. ಪಕ್ಕದಲ್ಲಿದ್ದ ಅಮ್ಮ ಮಾತಾಡಲಿಲ್ಲ, ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡರು.

ಸೇರಿದ ಮೇಲೆ ಎಡಕ್ಕಿರಿ. ಬಲದ ಲೇನು ಓವರ್‌ಟೇಕ್ ಮಾಡುವವರಿಗೆ. ಅಲ್ಲಿ 70ರಲ್ಲಿ ಆರಾಮಾಗಿ ಹೋಗುತ್ತಿದ್ದರೆ ಹಿಂದಿನವರು ಎಡದಿಂದ ನುಗ್ಗುತ್ತಾರೆ. ಮುಂದಿನ ಗಾಡಿ ಒಂದು ಕಂಬ ದಾಟಿದಾಗ ಎಣಿಸಲು ಶುರು ಮಾಡಿ. ನೀವು ಆ ಕಂಬ ಮುಟ್ಟುವ ಹೊತ್ತಿಗೆ ಕಡಿಮೆ ಅಂದರೂ 3 ಸೆಕೆಂಡ್ ಆಗಿರಬೇಕು. ಮಳೆ ಬಂದರೆ ಇನ್ನೂ ಜಾಸ್ತಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಸುತ್ತ ಇರುವವರೆಲ್ಲ 120ರಲ್ಲಿ ಹೋಗುತ್ತಿದ್ದರೆ ನಾನೂ ಹೋಗಬೇಕಾ? ಅಮೆರಿಕದಲ್ಲಿ 1964ರಲ್ಲಿ ಡೇವಿಡ್ ಸಾಲಮನ್ ಎಂಬವರು ವೇಗ ಮತ್ತು ಅಪಘಾತದ ಬಗ್ಗೆ ಒಂದು ವರದಿ ಬರೆದರು. ಸರಾಸರಿಗಿಂತ ತೀರಾ ಜೋರಾಗಿ ಹೋಗುವವರು, ತೀರಾ ನಿಧಾನ ಹೋಗುವವರು, ಇಬ್ಬರೂ ಹೆಚ್ಚು ಅಪಘಾತಕ್ಕೆ ಸಿಕ್ಕಿಕೊಳ್ಳುತ್ತಾರೆ ಎಂದು ಅದರಲ್ಲಿತ್ತು. 'ಟ್ರಾಫಿಕ್ ಜೊತೆ ಹೋಗು' ಎನ್ನುವವರಿಗೆ ಇದೇ ಆಧಾರ. ಆದರೆ ಆ ನಿಧಾನದ ಗಾಡಿಗಳಲ್ಲಿ ಎಷ್ಟೋ ಗಾಡಿಗಳು ತಿರುಗಲು, ನಿಲ್ಲಲು ನಿಧಾನ ಮಾಡಿದ್ದವು ಎಂದು ಆಮೇಲೆ ಬೇರೆಯವರು ತೋರಿಸಿದರು. 1997ರ ಒಂದು ಅಧ್ಯಯನದಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನ 60 ಕಿ.ಮೀ. ವೇಗಮಿತಿಯ ರಸ್ತೆಗಳನ್ನು ನೋಡಿದರು. 60ರ ಮೇಲೆ ವೇಗ ಪ್ರತಿ 5 ಕಿ.ಮೀ. ಏರಿದಾಗಲೂ, ಜನಕ್ಕೆ ಪೆಟ್ಟಾಗುವಂಥ ಅಪಘಾತದ ಸಾಧ್ಯತೆ ದುಪ್ಪಟ್ಟಾಗುತ್ತಿತ್ತು. ನಿಧಾನ ಹೋಗುವವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ.

ಬ್ರೇಕಿನ ಲೆಕ್ಕವೂ ಅದನ್ನೇ ಹೇಳುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಹೊತ್ತೂ ಸೇರಿದರೆ, 80ರ ಕಾರು ಒಣ ರಸ್ತೆಯಲ್ಲಿ ಸುಮಾರು 70 ಮೀಟರಿನಲ್ಲಿ ನಿಲ್ಲುತ್ತದೆ. ಅದರ ಪಕ್ಕದಲ್ಲೇ 100ರಲ್ಲಿದ್ದ ಕಾರು ಅದೇ ಕ್ಷಣಕ್ಕೆ ಬ್ರೇಕ್ ಒತ್ತಿರಲಿ. ಮೊದಲನೆಯದು ನಿಂತ ಜಾಗವನ್ನು ಎರಡನೆಯದು ಇನ್ನೂ 70 ಕಿ.ಮೀ. ವೇಗದಲ್ಲಿ ದಾಟುತ್ತದೆ. ಈ ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. ಅದರೊಳಗೆ ಸುತ್ತಲಿನವರಿಗೆ ಹೊಂದಿಕೊಳ್ಳಿ. ಅದಕ್ಕೂ ಮೇಲೆ ಹೋಗುವವರನ್ನು ಸುಮ್ನೆ ಹೋಗಲು ಬಿಡಿ.

ಓವರ್‌ಟೇಕ್ ಮಾಡುವಾಗ ಮಾತ್ರ ಸಣ್ಣ ವ್ಯತ್ಯಾಸವೇ ತೊಂದರೆ. 80ರ ಲಾರಿಯನ್ನು 85ರಲ್ಲಿ ದಾಟಲು ಹೋದರೆ ಮುಕ್ಕಾಲು ನಿಮಿಷ ಅದರ ಅಕ್ಕಪಕ್ಕದಲ್ಲೇ ಇರುತ್ತೀರಿ. ಡ್ರೈವರಿಗೆ ನೀವು ಕಾಣದ ಜಾಗ ಅದು. 95ರಲ್ಲಾದರೆ ಕಾಲು ನಿಮಿಷ ಸಾಕು. ಒಳಗನ್ನಡಿಯಲ್ಲಿ ಲಾರಿಯ ಎರಡೂ ಹೆಡ್‌ಲೈಟ್ ಕಂಡ ಮೇಲೆ ಎಡಕ್ಕೆ ಬನ್ನಿ.

ನನಗೆ ಹೆಚ್ಚು ಭಯ ರಾತ್ರಿಯದು, ಅದೂ ಹೆದ್ದಾರಿ ಬಿಟ್ಟು ಊರಿನ ರಸ್ತೆಗೆ ಇಳಿದ ಮೇಲೆ. ಮಂಡ್ಯ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಹೋಗಿ ನೋಡಿ. ಟ್ರ್ಯಾಕ್ಟರ್, ಅದರ ಹಿಂದೆ ಟ್ರೈಲರ್, ಅದರ ತುಂಬ ಕಬ್ಬು. ಸೋಗೆ ಹಿಂದಕ್ಕೆ ಜೋತುಬಿದ್ದು ಇದ್ದೊಂದು ಕೆಂಪು ದೀಪವನ್ನೂ ಮುಚ್ಚಿರುತ್ತದೆ. ಡಿಮ್ ಲೈಟಿಗೆ ಕಾಣುವುದು 50 ಮೀಟರ್ ಆಸುಪಾಸು, 80ರಲ್ಲಿ ನಿಲ್ಲಲು ಬೇಕಾದದ್ದು 70. ಹಾಗಾಗಿ ಅಂಥ ರಸ್ತೆಯಲ್ಲಿ 50ಕ್ಕೆ ಇಳಿಸಿ. ದೂರದಲ್ಲಿ ಎರಡು ಕೆಂಪು ದೀಪ ಕಂಡರೆ ಅವುಗಳ ನಡುವಿನ ಅಂತರ ಗಮನಿಸಿ. ಅದು ಬೇಗ ಬೇಗ ಅಗಲವಾಗುತ್ತಿದ್ದರೆ ಆ ಗಾಡಿ ನಿಧಾನವಿದೆ, ಇಲ್ಲವೇ ನಿಂತಿದೆ. ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಟ್ರ್ಯಾಕ್ಟರ್ ಇರುವವರು ದಯವಿಟ್ಟು ಟ್ರೈಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಕೆಸರು ಮೆತ್ತಿದ್ದರೆ ಹೊರಡುವ ಮುಂಚೆ ಒಮ್ಮೆ ಒರೆಸಿ.

ಹೆದ್ದಾರಿಯಿಂದ ಇಳಿಯುವಾಗ ಮುಖ್ಯ ಲೇನಿನಲ್ಲೇ ಬ್ರೇಕ್ ಹಾಕಬೇಡಿ. ಎಕ್ಸಿಟ್ ಲೇನಿಗೆ ಹೋದ ಮೇಲೆ ನಿಧಾನ ಮಾಡಿ. ಎಕ್ಸಿಟ್ ತಪ್ಪಿದರೆ ಮುಂದಿನದರಲ್ಲಿ ಇಳಿಯಿರಿ, ರಿವರ್ಸ್ ಮಾತ್ರ ಬೇಡ. ಫೋನ್ ಬಂತೆಂದು ರಸ್ತೆ ಬದಿ ನಿಲ್ಲಿಸುವುದೂ ಬೇಡ. ನಿಂತ ಕಾರಿಗೂ ಹಿಂದಿನಿಂದ ಬರುವವನಿಗೂ ಪೂರ್ತಿ 100ರ ವ್ಯತ್ಯಾಸ ಇರುತ್ತದೆ ಅಲ್ವಾ? ಗಾಡಿ ಕೆಟ್ಟೇ ನಿಂತರೆ ಆದಷ್ಟು ಎಡಕ್ಕೆ ತಂದು ನಾಲ್ಕೂ ಇಂಡಿಕೇಟರ್ ಹಾಕಿ. ಎಲ್ಲರನ್ನೂ ಎಡಗಡೆಯಿಂದ ಇಳಿಸಿ, ತಡೆಬೇಲಿಯ ಆಚೆ ನಿಲ್ಲಿಸಿ. ಅಲ್ಲಿಂದ 1033ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ. ಸಹಾಯ ಬರುವ ತನಕ ಯಾರೂ ಕಾರಿನೊಳಗೆ ಹೋಗಿ ಕೂರಬೇಡಿ.