ವೆಂಟಿಲೇಟರ್‌ಗೆ ಸಹಿ ಹಾಕುವ ಮುನ್ನ

ಗುಣವಾಗದ ಕಾಯಿಲೆಯವರನ್ನು ಗದಗ, ಹಾವೇರಿಯಿಂದ ಹುಬ್ಬಳ್ಳಿಗೆ ತಂದಾಗ ಬಿಲ್ ಏರುವುದು ಐಸಿಯುನಲ್ಲಿ. ಒಪ್ಪಿಗೆ ಪತ್ರ ಮುಂದಿಟ್ಟ ಕೂಡಲೇ ಡಾಕ್ಟರನ್ನು ಕೇಳಿ: ‘ಇದರಿಂದ ರೋಗ ಇಳಿಯುತ್ತದೋ, ಬರೀ ಉಸಿರು ನಡೆಯುತ್ತದೋ? ಎಷ್ಟು ದಿನ ನೋಡೋಣ?’ ಆ ಗಡುವನ್ನು ಕೇಸ್‌ಶೀಟಿನಲ್ಲಿ ಬರೆಸಿ. ಒಮ್ಮೆ ಹಾಕಿದ ವೆಂಟಿಲೇಟರ್ ತೆಗೆಯಲು, ಸುಪ್ರೀಂ ಕೋರ್ಟಿನ 2023ರ ಆದೇಶದಂತೆ, ತಜ್ಞ ವೈದ್ಯರ ಎರಡು ಮಂಡಳಿಗಳೂ ಮನೆಯವರೂ ಒಪ್ಪಬೇಕು. ಹಿರಿಯರಿಗೆ ಬುದ್ಧಿ ನೆಟ್ಟಗಿರುವಾಗಲೇ, ಇಂಥ ಚಿಕಿತ್ಸೆ ಬೇಕೋ ಬೇಡವೋ ಎಂಬ ಅವರ ಇಚ್ಛೆ ಬರೆಸಿಡಿ. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಮಕ್ಕಳು ಐಸಿಯು ಬಾಗಿಲಲ್ಲಿ ಜಗಳಾಡುವುದು ತಪ್ಪುತ್ತದೆ.

ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ, ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಬಹಳ ಮಂದಿ ಎಡವುವುದು ರೆಫರಲ್‌ನಲ್ಲಿ: ತುರ್ತು ಇಲ್ಲದಿದ್ದರೆ ಮೊದಲು ಜಿಲ್ಲಾಸ್ಪತ್ರೆ ಅಥವಾ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೆ ತೋರಿಸಿ, ಚೀಟಿ ಪಡೆದೇ ಖಾಸಗಿಗೆ ಹೋಗಿ. ದಾಖಲಾಗುವಾಗಲೇ ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕಾಣಿ.

ದಿನಾ ಸಂಜೆ ಬಿಲ್ಲಿನ ವಿವರ ಕೇಳಿ, ಔಷಧಿ ಚೀಟಿಗೆ ತಾಳೆ ಹಾಕಿ. ಹತ್ತು ಇಂಜೆಕ್ಷನ್ ತರಿಸಿ ಆರು ಕೊಟ್ಟಿದ್ದರೆ, ಉಳಿದ ನಾಲ್ಕನ್ನು ಡಿಸ್ಚಾರ್ಜ್‌ಗೆ ಮೊದಲೇ ವಾಪಸ್ ಮಾಡಿ.

ಮನೆಗೆ ಕರೆದೊಯ್ಯಲು ನಿರ್ಧರಿಸಿದರೆ ಸಿಟ್ಟಿನಲ್ಲಿ ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂದು ಬರೆದುಕೊಟ್ಟು ಹೊರಡಬೇಡಿ. ನೋವಿನ ಔಷಧಿ ಬರೆಯುವವರೂ ಮುಂದೆ ನೋಡುವವರೂ ಇಲ್ಲದೆ, ಎರಡೇ ದಿನಕ್ಕೆ ಮತ್ತೆ ಐಸಿಯು ಹತ್ತಿಸಬೇಕಾಗುತ್ತದೆ. ನೋವು, ಸಂಕಟ ತಗ್ಗಿಸುವ ಉಪಶಮನ ಚಿಕಿತ್ಸೆಯ ಯೋಜನೆಯೊಂದಿಗೆ ಡಿಸ್ಚಾರ್ಜ್ ಕೇಳಿ. ತೀವ್ರ ನೋವಿಗೆ ಬಾಯಿಂದ ಕೊಡುವ ಮಾರ್ಫಿನ್ ಅಗ್ಗದ ಮಾತ್ರೆ, ಆದರೆ ಮಾನ್ಯತೆ ಪಡೆದ ಆಸ್ಪತ್ರೆಯಲ್ಲೇ ಸಿಗುವುದು. ಹೊರಡುವ ಮೊದಲೇ ಪಡೆಯಿರಿ. ಮಲಬದ್ಧತೆ ಖಂಡಿತ ಕಾಡುತ್ತದೆ, ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿ ಜೊತೆಗಿರಲಿ.

ಆಕ್ಸಿಜನ್ ಬೇಕೆಂದು ಡಾಕ್ಟರು ಹೇಳಿದರೆ ಗಾಳಿಯಿಂದ ಆಕ್ಸಿಜನ್ ಸೋಸಿಕೊಡುವ ಯಂತ್ರ ಕಾನ್ಸಂಟ್ರೇಟರನ್ನು ಬಾಡಿಗೆಗೆ ತನ್ನಿ, ಕೊಳ್ಳಬೇಡಿ. ಕರೆಂಟ್ ಹೋದರೆ ಅದು ನಿಲ್ಲುತ್ತದೆ. ಆಗ ಬೇಕಾಗುವ 1,500 ಲೀಟರಿನ ಬಿ-ಟೈಪ್ ಸಿಲಿಂಡರ್ ನಿಮಿಷಕ್ಕೆ 2 ಲೀಟರಿನಂತೆ ಸುಮಾರು 12 ತಾಸು ಬರುತ್ತದೆ. ಏರ್‌ಬೆಡ್ ಹಾಸಿದರೂ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಹುಣ್ಣಾದರೆ ಡ್ರೆಸ್ಸಿಂಗಿನ ಖರ್ಚೇ ಬೇರೆ, ಜೀವಕ್ಕೆ ಸಂಕಟ ಬೇರೆ.

ಆಸ್ಪತ್ರೆಯಲ್ಲೇ ತೀರಿಕೊಂಡರೆ, ಬಾಕಿ ಕಟ್ಟುವವರೆಗೆ ಶವ ಕೊಡುವುದಿಲ್ಲ ಎನ್ನುವಂತಿಲ್ಲ; ಖಾಸಗಿ ಆಸ್ಪತ್ರೆಗಳ ರಾಜ್ಯ ಕಾಯ್ದೆ ಇದನ್ನು ತಡೆಯುತ್ತದೆ. ಮನೆಯಲ್ಲಾದರೆ ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣದ ಪ್ರಮಾಣಪತ್ರ ಬರೆಸಿಕೊಂಡು, 21 ದಿನದೊಳಗೆ ನೋಂದಣಿ ಮಾಡಿಸಿ.