ಸಾವಿನ ಬಾಗಿಲಿಗೆ ಹೋಗಿ ಬಂದವರ ಮಾತು: ಓದುವುದು ಹೇಗೆ

ನಾನು ಕಲಬುರಗಿಯಲ್ಲಿ ಐಸಿಯು ನರ್ಸ್ ಆಗಿದ್ದವಳು, ಈಗ ರಿಟೈರ್ ಆಗಿದ್ದೇನೆ. ಮನೆಯವರನ್ನು ಕಳೆದುಕೊಂಡವರು ಈಗಲೂ ಎಲ್ಲಾದರೂ ಸಿಕ್ಕಾಗ ಕೇಳುವುದು ಒಂದೇ ಮಾತು: "ಸಿಸ್ಟರ್, ನಮ್ಮ ಅಪ್ಪಗ ಭಾಳ ತ್ರಾಸ ಆಯ್ತೇನ್ರಿ?" ಸ್ವರ್ಗ ಇದೆಯೋ ಇಲ್ಲವೋ ಅಂತ ಇದುವರೆಗೆ ಯಾರೂ ಕೇಳಿಲ್ಲ.

ಅಂಥವರಿಗೆ ನಾನು ಸಾವಿನ ಹತ್ತಿರ ಹೋಗಿ ಬದುಕಿ ಬಂದವರ ಅನುಭವ ಓದಿ ಅನ್ನುತ್ತೇನೆ. ಆದರೆ ಓದುವುದಕ್ಕೆ ಒಂದು ರೀತಿ ಇದೆ. ರಾತ್ರಿ ಹಾಸಿಗೆಯಲ್ಲಿ ಮೊಬೈಲ್ ಹಿಡಿದು ಸಿಕ್ಕ ವಿಡಿಯೋ ಎಲ್ಲ ನೋಡುತ್ತಾ ಹೋದರೆ ಸಮಾಧಾನ ಎಲ್ಲಿಂದ ಬರಬೇಕು, ಇದ್ದ ನಿದ್ದೆಯೂ ಹೋಗುತ್ತದೆ.

ಮೊದಲು, ನಿಮ್ಮನ್ನು ಕಾಡುತ್ತಿರುವುದು ಯಾವುದು ಅಂತ ನೋಡಿಕೊಳ್ಳಿ. ಜಾಸ್ತಿ ಜನಕ್ಕೆ ಅದು ಕೊನೆಯ ಅರ್ಧ ಗಂಟೆ. ಸಿಪಿಆರ್, ಅಂದರೆ ನಿಂತ ಹೃದಯ ಮತ್ತೆ ಬಡಿಯಲಿ ಅಂತ ಎದೆ ಒತ್ತುವುದನ್ನು ಪರದೆಯ ಸಂದಿಯಿಂದ ನೋಡಿರುತ್ತಾರೆ. ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತಬೇಕು, ಪ್ರತಿ ಸಲ 5 ಸೆಂಟಿಮೀಟರಿನಷ್ಟು ಒಳಗೆ ಹೋಗಬೇಕು. ವಯಸ್ಸಾದವರ ಪಕ್ಕೆಲುಬು ಮುರಿದರೆ ಒತ್ತುವವರ ಅಂಗೈಗೆ ಗೊತ್ತಾಗುತ್ತದೆ. ಮಂಚ ಅಲುಗುತ್ತದೆ, ರೋಗಿಯ ಒಂದು ಕೈ ಜಾರಿ ಕೆಳಗೆ ಜೋತಾಡುತ್ತದೆ. ಜೇವರ್ಗಿ ಕಡೆಯಿಂದ ರೊಟ್ಟಿ ಗಂಟು, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು ಕಾರಿಡಾರಿನಲ್ಲಿ ಮಲಗಿದ್ದ ಮಗ ಇದನ್ನು ನೋಡಿಬಿಟ್ಟರೆ ಮುಗಿಯಿತು. ಆಮೇಲೆ ಅಪ್ಪ ಅಂದಕೂಡಲೇ ಅವನ ಕಣ್ಣ ಮುಂದೆ ಬರುವುದು ಆ ಕೈ.

ಹೃದಯ ನಿಂತು ಮತ್ತೆ ಬಡಿದವರಲ್ಲಿ ಕೆಲವರು ಇದೇ ಹೊತ್ತನ್ನು ಒಳಗಿನಿಂದ ಹೇಳುತ್ತಾರೆ. ಮೈ ಹಗುರಾಯಿತು, ನನ್ನ ದೇಹವನ್ನೇ ಮೇಲಿನಿಂದ ನೋಡಿದೆ, ಬೆಳಕಿತ್ತು, ತೀರಿಹೋದ ಅವ್ವ ಕಂಡಳು, ವಾಪಸ್ ಬರಲು ಮನಸ್ಸೇ ಇರಲಿಲ್ಲ ಅಂತ. ಎದೆ ಒತ್ತಿದ ನೋವಿನ ಮಾತು ಬಹಳ ಸಲ ಬರುವುದೇ ಇಲ್ಲ. ಹೊರಗೆ ನಿಂತವರಿಗೆ ಕಂಡದ್ದೂ ಒಳಗಿದ್ದವರಿಗೆ ಆದದ್ದೂ ಒಂದೇ ಆಗಿರಬೇಕಿಲ್ಲ ಅಲ್ವಾ? ಈ ಓದಿನಿಂದ ಇಷ್ಟನ್ನು ತೆಗೆದುಕೊಳ್ಳಿ. ಹೇಳುತ್ತಿರುವವರು ತಿರುಗಿ ಬಂದವರು. ಪೂರ್ತಿ ಹೋದವರ ಸುದ್ದಿ ಅವರ ಹತ್ತಿರವೂ ಇಲ್ಲ. ಅದನ್ನು ಅವರ ಬಾಯಿಂದ ಹೊರಡಿಸಲು ಹೋಗಬೇಡಿ.

ಶುರು ಮಾಡುವುದಾದರೆ ಡಾಕ್ಟರುಗಳು ಕೂತು ಕೇಳಿ ಬರೆದುಕೊಂಡದ್ದರಿಂದ ಶುರು ಮಾಡಿ. 1975ರಲ್ಲಿ ಅಮೆರಿಕದ ರೇಮಂಡ್ ಮೂಡಿ ಇಂಥ ಅನುಭವಗಳನ್ನು ಒಟ್ಟು ಮಾಡಿದ ಮೇಲೆ ಈ ವಿಷಯ ಎಲ್ಲ ಕಡೆ ಮಾತಾಯಿತು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ನೆದರ್‌ಲ್ಯಾಂಡ್ಸ್‌ನ ಹೃದಯ ತಜ್ಞ ಪಿಮ್ ವಾನ್ ಲೊಮ್ಮೆಲ್ ಮತ್ತು ಅವರ ಜೊತೆಯವರು 2001ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು. 10 ಆಸ್ಪತ್ರೆಗಳಲ್ಲಿ ಹೃದಯ ನಿಂತು ಬದುಕಿದ 344 ಜನರನ್ನು ಮಾತಾಡಿಸಿದರು. ಏನೋ ಅನುಭವ ಆಯಿತು ಅಂದವರು 62 ಜನ. ಉಳಿದ 282 ಜನಕ್ಕೆ ಏನೂ ನೆನಪಿಲ್ಲ. ಈ 282ನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಯಾಕೆಂದರೆ "ನಮ್ಮವರು ಒಮ್ಮೆ ಬದುಕಿ ಬಂದಿದ್ರು, ಏನೂ ಕಾಣಲಿಲ್ಲ ಅಂದ್ರು, ಪುಣ್ಯ ಕಡಿಮೆ ಇತ್ತೇನೋ" ಅಂತ ಕೊರಗುವವರಿದ್ದಾರೆ. ಪುಣ್ಯದ ಲೆಕ್ಕ ಇಲ್ಲಿಲ್ಲ. ಜಾಸ್ತಿ ಜನಕ್ಕೆ ಏನೂ ಕಾಣುವುದಿಲ್ಲ, ಅಷ್ಟೇ.

ಅನುಭವ ಆದವರನ್ನು 2 ವರ್ಷ ಆದ ಮೇಲೆ ಒಮ್ಮೆ, 8 ವರ್ಷ ಆದ ಮೇಲೆ ಒಮ್ಮೆ ಮತ್ತೆ ಹುಡುಕಿ ಮಾತಾಡಿಸಿದರು. ಅವರಲ್ಲಿ ಸಾವಿನ ಹೆದರಿಕೆ ಕಡಿಮೆಯಾಗಿತ್ತು, ಬೇರೆಯವರ ಮೇಲಿನ ಅಕ್ಕರೆ ಹೆಚ್ಚಾಗಿತ್ತು. ಯಾವುದೇ ಅನುಭವ ಓದುವಾಗ ಬೆಳಕಿನ ವರ್ಣನೆ ಬೇಗ ದಾಟಿ, ಬಂದ ಮೇಲೆ ಆ ಮನುಷ್ಯ ಹೇಗೆ ಬದುಕಿದ ಅನ್ನುವ ಕಡೆ ನಿಲ್ಲಿ.

ನಮ್ಮ ದೇಶದ ಅನುಭವಗಳ ರುಚಿಯೇ ಬೇರೆ. ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ ಮತ್ತು ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ 1986ರಲ್ಲಿ ಭಾರತದ 16 ಪ್ರಕರಣಗಳ ಬಗ್ಗೆ ಬರೆದರು. ಅಲ್ಲಿ ಯಮದೂತರು ಬಂದು ಎಳೆದೊಯ್ಯುತ್ತಾರೆ, ಒಬ್ಬ ಪುಸ್ತಕ ತೆರೆದು ನೋಡಿ ಈ ಆಳು ಅಲ್ಲ ಅನ್ನುತ್ತಾನೆ, ತಿರುಗಿ ಕಳಿಸುತ್ತಾರೆ. ನಮ್ಮ ಚಿಗವ್ವ ಹೇಳುತ್ತಿದ್ದದ್ದೂ ಇದೇ. "ಇಕಿ ಅಲ್ಲೋ, ಕೆಳಗಿನ ಓಣಿಯಾಕಿ, ಬಿಟ್ಟು ಬರ್ರಿ ಅಂದ್ರವ್ವಾ." ಕೆಳಗಿನ ಓಣಿಯಲ್ಲಿದ್ದ ಅದೇ ಹೆಸರಿನಾಕೆ ಆಮೇಲೆ ಚಿಗವ್ವನ ಜೊತೆ ಮಾತೇ ಬಿಟ್ಟಿದ್ದಳಂತೆ.

ಯಾರು ಕಾಣುತ್ತಾರೆ ಅನ್ನುವುದು ಅವರವರು ಬೆಳೆದ ಮನೆಯ ಮೇಲಿದೆ. ಮರಣವೇ ಮಹಾನವಮಿ ಅನ್ನುವ ಮಾತು ಕೇಳಿ ಬೆಳೆದವರು ಶರಣಬಸವೇಶ್ವರ ಗುಡಿಗೆ ಹೋಗಿ ಕೂತು ಓದಲಿ. ಬಂದೇ ನವಾಜ್ ದರ್ಗಾದಲ್ಲಿ ಮನಸ್ಸು ನಿಲ್ಲುವವರು ಅಲ್ಲಿ ಓದಲಿ. ಯಾರ ದೇವರು ಬಂದಿದ್ದು ಅಂತ ವಾದಕ್ಕಿಳಿದರೆ ಸಮಾಧಾನ ಅಲ್ಲಿಗೇ ಮುಗಿಯಿತು.

ಹೆದರಿಕೆಯ ಅನುಭವಗಳೂ ಇವೆ. ಕತ್ತಲು, ಒಂಟಿತನ, ಕೂಗಾಟ. ಅಂಥದ್ದು ಸಿಕ್ಕಿದರೆ ಪಾಪದ ಫಲ ಅಂತ ಓದಿಕೊಳ್ಳಬೇಡಿ. ಸಾವು ಮನೆಗೆ ಹೊಸದಾಗಿದ್ದರೆ ಆ ಪುಟ ಮಗುಚಿ ಹಾಕಿ, ತಪ್ಪೇನಿಲ್ಲ.

ಸುಳ್ಳೂ ಇದೆ. ಅಪಘಾತದಿಂದ ಬದುಕಿದ ಅಮೆರಿಕದ ಹುಡುಗನೊಬ್ಬ ಸ್ವರ್ಗ ನೋಡಿ ಬಂದ ಅಂತ 2010ರಲ್ಲಿ ಪುಸ್ತಕ ಬಂತು. 2015ರಲ್ಲಿ ಆ ಹುಡುಗನೇ ನಾನು ಸತ್ತೂ ಇಲ್ಲ, ಸ್ವರ್ಗ ನೋಡಿಯೂ ಇಲ್ಲ ಅಂದ. ಪ್ರಕಾಶಕರು ಪುಸ್ತಕ ವಾಪಸ್ ತೆಗೆದುಕೊಂಡರು. ಹಾಗಾಗಿ ಮೊದಲು ಯಾರಿಗೆ ಹೇಳಿದರು, ಎಷ್ಟು ದಿನದ ಮೇಲೆ ಹೇಳಿದರು, ಕೊನೆಗೆ ದುಡ್ಡು ಕೇಳಿದರೋ ನೋಡಿ.

ಇದೆಲ್ಲ ಮೆದುಳಿನ ಆಟ ಅನ್ನುವವರು ಸಿಗುತ್ತಾರೆ. ಇರಬಹುದು. 2023ರಲ್ಲಿ ಅಮೆರಿಕದ ಮಿಷಿಗನ್‌ನ ಸಂಶೋಧಕರು ಸಾಯುತ್ತಿದ್ದ ನಾಲ್ವರ ಮೆದುಳಿನ ದಾಖಲೆ ನೋಡಿದಾಗ, ವೆಂಟಿಲೇಟರ್ ತೆಗೆದ ಮೇಲೆ ಇಬ್ಬರಲ್ಲಿ ಚಟುವಟಿಕೆ ಒಮ್ಮೆಲೇ ಏರಿತ್ತು. ಅವರಿಗೆ ಏನು ಕಂಡಿತೋ ಯಾರು ಹೇಳಬೇಕು? ನಮ್ಮ ಪ್ರಶ್ನೆ ತ್ರಾಸ ಆಯ್ತೇನು ಅನ್ನುವುದು, ಅದಕ್ಕೆ ಈ ಅನುಭವದ ಕಾರಣ ಯಾವುದಾದರೂ ನಡೆದೀತು.

ದಿನಕ್ಕೆ ಒಂದೇ ಓದಿ, ಹಗಲಿನಲ್ಲಿ ಓದಿ, ಆಗುವುದಾದರೆ ಜೊತೆಗೊಬ್ಬರನ್ನು ಕೂರಿಸಿಕೊಂಡು ಜೋರಾಗಿ ಓದಿ. ತೀರಿಕೊಂಡವರ ಶಿವಗಣಾರಾಧನೆ ಮುಗಿಯುವ ಮೊದಲೇ ಯಾರ ಮನೆಗೂ ಇದನ್ನು ಹೊತ್ತುಕೊಂಡು ಹೋಗಬೇಡಿ. ಆಗ ಅವರಿಗೆ ಬೇಕಾದದ್ದು ಚಹಾ ಮಾಡಿಕೊಡುವವರು. ಓದುತ್ತಾ ಓದುತ್ತಾ "ನಾನೂ ಅಲ್ಲಿಗೇ ಹೋಗಿಬಿಡಲೇ" ಅನ್ನಿಸಿದರೆ ಓದು ನಿಲ್ಲಿಸಿ, ಮನೆಯವರಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮನೆಯಲ್ಲೇ ಹೀಗೆ ಬದುಕಿ ಬಂದವರಿದ್ದರೆ ಅವರನ್ನೂ ಕೇಳಿ. "ಬೆಳಕು ಕಂಡಿತಾ?" ಅಂತ ಮಾತ್ರ ಕೇಳಬೇಡಿ, ಪಾಪ, ನಿಮ್ಮ ಸಂತೋಷಕ್ಕೆ ಹೂಂ ಅಂದುಬಿಡುತ್ತಾರೆ. "ಆವಾಗ ಹೆಂಗಿತ್ತು?" ಅನ್ನಿ, ಸುಮ್ನಿರಿ. ಅವರು ಹೇಳಿದ ಮಾತಿನಲ್ಲೇ ಬರೆದು ತಾರೀಖು ಹಾಕಿ. ಅವರು ಹೂಂ ಅನ್ನದೆ ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ.