ಹೊಲಿಗೆ ಮಷೀನಿನ ಮುಂದೆ ಕೃಷ್ಣಾರ್ಪಣ
ನಮ್ಮಜ್ಜಿ ಯಾವ ಕೆಲಸ ಮುಗಿಸಿದರೂ ‘ಕೃಷ್ಣಾರ್ಪಣ’ ಅನ್ನುತ್ತಿದ್ದರು. ಅಕ್ಕಿ ಆರಿಸಿ ಮೊರ ಕೆಳಗಿಟ್ಟರೂ ಅದೇ ಮಾತು, ಬಾವಿಯಿಂದ ಕೊನೆಯ ಕೊಡ ಎತ್ತಿದರೂ ಅದೇ ಮಾತು. ನಾನು ಮೈಸೂರಿನ ಮನೆಯಲ್ಲೇ ಬ್ಲೌಸ್ ಹೊಲಿಯುವವಳು, 11 ವರ್ಷವಾಯಿತು. ಅಜ್ಜಿಯ ಹಾಗೆ ನಾನೂ ಹೇಳಿ ನೋಡಿದೆ. ಬಾಯಲ್ಲಿ ಕೃಷ್ಣಾರ್ಪಣ, ಮನಸ್ಸಿನಲ್ಲಿ ‘ಇವರು ದುಡ್ಡು ಯಾವಾಗ ಕೊಡ್ತಾರೋ’.

ಗೀತೆಯ 9ನೇ ಅಧ್ಯಾಯದ 27ನೇ ಶ್ಲೋಕ ನನಗೆ ದಾರಿ ತೋರಿಸಿತು. ನೀನು ಏನು ಮಾಡುತ್ತೀಯೋ, ಏನು ತಿನ್ನುತ್ತೀಯೋ, ಏನು ಹೋಮ ಮಾಡುತ್ತೀಯೋ, ಏನು ದಾನ ಕೊಡುತ್ತೀಯೋ, ಯಾವ ತಪಸ್ಸು ಮಾಡುತ್ತೀಯೋ, ಎಲ್ಲವನ್ನೂ ನನಗೆ ಅರ್ಪಿಸು ಅನ್ನುತ್ತಾನೆ ಕೃಷ್ಣ. ಹೋಮಕ್ಕಿಂತ ಮೊದಲು ಕೆಲಸ ಮತ್ತು ಊಟ ಬಂದಿವೆ, ನೋಡಿ. ಹಾಗಾದರೆ ನನ್ನ ಕತ್ತರಿಗೂ ಅಲ್ಲಿ ಜಾಗವಿದೆ ಅನ್ನಿಸಿತು.

ನೈವೇದ್ಯಕ್ಕೆ ಮಾಡಿದ ಪಾಯಸವನ್ನು ಇಡುವ ಮೊದಲೇ ಯಾರೂ ರುಚಿ ನೋಡುವುದಿಲ್ಲ ಅಲ್ವಾ? ಹೊಲಿಯುವಾಗ ಹೊಗಳಿಕೆ ನೆನೆಸಿಕೊಳ್ಳುವುದೂ ಹಾಗೆ ರುಚಿ ನೋಡಿದಂತೆಯೇ. ಈಗ ಬಟ್ಟೆಗೆ ಕತ್ತರಿ ಹಾಕುವ ಮೊದಲು ಮಷೀನ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಆಯುಧಪೂಜೆಯ ದಿನ ಮಾಡುವುದನ್ನೇ ದಿನಾ ಮಾಡುತ್ತೇನೆ, ಅಷ್ಟೇ. ಮೊದಲೇ ಒಪ್ಪಿಸಿಬಿಟ್ಟರೆ ಯಾರಿಗೂ ಕಾಣದ ಒಳಹೊಲಿಗೆಯಲ್ಲಿ ಕೈ ಕಳ್ಳತನ ಮಾಡುವುದಿಲ್ಲ. ಹಾಗಂತ ಪುಕ್ಕಟೆ ಹೊಲಿಯುವುದಿಲ್ಲ. ಕೂಲಿ ಕೇಳಿಯೇ ತೆಗೆದುಕೊಳ್ಳುತ್ತೇನೆ.

ಒಮ್ಮೆ ಒಬ್ಬರ ರೇಷ್ಮೆ ಬ್ಲೌಸ್ ಕಂಕುಳಲ್ಲಿ ಬಿಗಿಯಾಯಿತು. ಮದುವೆಗೆ ಎರಡೇ ದಿನ ಇತ್ತು. ಅವರು ಬೈದರು, ನಾನು ಅತ್ತುಬಿಟ್ಟೆ. ‘ಅರ್ಪಿಸಿ ಆಯ್ತಲ್ಲ, ಇನ್ನು ನನಗೇನು’ ಅಂದುಕೊಳ್ಳಲು ಆಗಲೇ ಇಲ್ಲ. ರಾತ್ರಿ ಕೂತು ಒಂದೊಂದೇ ಎಳೆ ಬಿಚ್ಚಿದೆ. ಆ ಬಿಚ್ಚುವ ಕೆಲಸವನ್ನೂ ಕೃಷ್ಣನಿಗೇ ಒಪ್ಪಿಸಿದೆ. ಬೇಸರ ಹೋಗಲಿಲ್ಲ, ಆದರೆ ಕೈ ನಡುಗುವುದು ನಿಂತಿತು.

ಬೆಳಗಿನ ಯೋಗಕ್ಕೂ ಇದೇ ಕ್ರಮ. ಮಷೀನ್ ತುಳಿದು ಸೊಂಟ ಹಿಡಿದುಕೊಂಡಾಗ ಶುರು ಮಾಡಿದ್ದು. ಒಂದು ರಥಸಪ್ತಮಿಗೆ 108 ಸೂರ್ಯನಮಸ್ಕಾರ ಮಾಡಲು ಹೋಗಿ, ಪಕ್ಕದವರ ಲೆಕ್ಕವನ್ನೇ ನೋಡುತ್ತಾ ಭುಜ ನೋಯಿಸಿಕೊಂಡೆ. ಆಮೇಲೆ 12ಕ್ಕೆ ಇಳಿಸಿದೆ. ಒಂದೊಂದಕ್ಕೂ ಸೂರ್ಯನ ಒಂದೊಂದು ಹೆಸರು: ಓಂ ಮಿತ್ರಾಯ ನಮಃ, ಓಂ ರವಯೇ ನಮಃ, ಹೀಗೆ ಓಂ ಭಾಸ್ಕರಾಯ ನಮಃ ತನಕ. ಹೆಸರು ಹೇಳುತ್ತಾ ಬಗ್ಗಿದರೆ ಅದು ನಿಜವಾಗಿ ನಮಸ್ಕಾರ ಆಗುತ್ತದೆ. ಮಂಡಿ ನೋವಿದ್ದ ದಿನ ಸುಮ್ನೆ ಕೂತು ಹನ್ನೆರಡೂ ಹೆಸರು ಹೇಳುತ್ತೇನೆ.

ನಿನ್ನೆ ಸಂಜೆ ಒಂದು ಬ್ಲೌಸಿನ ಕೊನೆಯ ಹುಕ್ಕು ಹಾಕಿ ದಾರ ಕತ್ತರಿಸಿದೆ. ಅಳತೆ ಬ್ಲೌಸ್ ಜೊತೆ ಮಡಚಿ ಕವರಿಗೆ ಹಾಕುವಾಗ ಬಾಯಿಂದ ತಾನಾಗೇ ಬಂತು, ಕೃಷ್ಣಾರ್ಪಣ. ಅಜ್ಜಿಯ ದನಿಯಲ್ಲೇ ಬಂದ ಹಾಗಿತ್ತು.